ಡೀಸೆಲ್ ದಾಸ್ತಾನು: ಸಂಘದ ಟ್ಯಾಂಕೇ, ಸಂಘದ ಬಂಕೇ?



ಕಬಿನಿ ನಾಲೆಯ ನೀರು ನಿಂತ ಮೇಲೆ ನಮ್ಮ ದೇವನೂರು ಸೀಮೆಯ ಅಡಿಕೆ ತೋಟಗಳಿಗೆ ಪಂಪ್‌ಸೆಟ್ಟೇ ಗತಿ. ಮಲೆಸೀಮೆಯ ಕಾಫಿ ಬೆಳೆಗಾರರಿಗೆ ಹೂಮಳೆ ತಪ್ಪಿದರೆ ತುಂತುರು ನೀರಾವರಿಯೇ ಗತಿ. ಕರೆಂಟು ಕೈಕೊಟ್ಟ ದಿನ ಇಬ್ಬರಿಗೂ ಡೀಸೆಲ್ ಎಂಜಿನ್ನೇ ಆಸರೆ. "ಸಂಘವೇ ದೊಡ್ಡ ಟ್ಯಾಂಕು ಇಟ್ಟು, ಟ್ಯಾಂಕರ್ ತರಿಸಿ ಎಲ್ಲರಿಗೂ ಹಂಚಬಾರದೇಕೆ?" ಎಂದು ಹಲವರು ಕೇಳುತ್ತಿದ್ದಾರೆ. ಆಲೋಚನೆ ಒಳ್ಳೆಯದು. ಆದರೆ ಎರಡು ತೊಡಕುಗಳಿವೆ.

ಮೊದಲನೆಯದು ಕಾನೂನು. 1934ರ ಪೆಟ್ರೋಲಿಯಂ ಕಾಯಿದೆಯಂತೆ ಡೀಸೆಲ್ 'ಬಿ' ವರ್ಗದ್ದು. ಒಂದು ಸ್ಥಳದಲ್ಲಿ ಒಟ್ಟು 2,500 ಲೀಟರ್ ಮೀರದಂತೆ, ಯಾವ ಪಾತ್ರೆಯೂ 1,000 ಲೀಟರಿಗಿಂತ ದೊಡ್ಡದಿಲ್ಲದಂತೆ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿಲ್ಲ. ಮನೆಯ 200 ಲೀಟರ್ ಡ್ರಮ್ಮಿಗೆ ಯಾರೂ ಅಂಜಬೇಕಾಗಿಲ್ಲ. ಆದರೆ ದಾಸ್ತಾನಿಗೆ ಇರುವ ವಿನಾಯಿತಿ ಮಾರಾಟಕ್ಕಿಲ್ಲ. ಲಾಭವಿಲ್ಲದೆ ಅಳೆದುಕೊಟ್ಟು ಹಣ ಪಡೆದರೂ ಅದು ಮಾರಾಟವಲ್ಲವೆಂದು ವಾದಿಸಿ ಗೆಲ್ಲುವುದು ಕಷ್ಟ.

ಎರಡನೆಯದು ಬೆಲೆ. ಸಗಟಾಗಿ ಕೊಂಡರೆ ಅಗ್ಗವೆಂಬುದು ಡೀಸೆಲ್ ವಿಷಯದಲ್ಲಿ ಸದಾ ನಿಜವಲ್ಲ. 2013ರ ಜನವರಿಯಲ್ಲಿ ಸಗಟು ಗ್ರಾಹಕರಿಗೆ ಬೇರೆ, ಹೆಚ್ಚಿನ ದರವಾಯಿತು. ಹಲವು ರಾಜ್ಯಗಳ ಸರ್ಕಾರಿ ಬಸ್ಸುಗಳು ಸ್ವಂತ ಡಿಪೋ ಬಿಟ್ಟು ರಸ್ತೆ ಬದಿಯ ಬಂಕಿಗೆ ಬಂದವು. 2022ರ ಮಾರ್ಚಿನಲ್ಲಿ ಸಗಟು ದರ ಲೀಟರಿಗೆ ಸುಮಾರು 25 ರೂಪಾಯಿ ಏರಿತು. ಅಂಥ ದಿನ ನಮ್ಮ ಟ್ಯಾಂಕಿದ್ದಿದ್ದರೆ ಅದು ಖಾಲಿ ನಿಲ್ಲುತ್ತಿತ್ತು, ಸಾಲದ ಕಂತು ಮಾತ್ರ ನಿಲ್ಲುತ್ತಿರಲಿಲ್ಲ.

ದಾರಿ ಇಲ್ಲವೇ? ಇದೆ. 2023ರಲ್ಲಿ ಕೇಂದ್ರ ಸರ್ಕಾರ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳಿಗೆ ಬಂಕು ಪಡೆಯಲು ಅವಕಾಶ ಕೊಟ್ಟಿತು. ಸಗಟು ಪಂಪ್ ಹೊಂದಿದ್ದ ಇಂಥ ಸಂಘಗಳು ಅದನ್ನು ಚಿಲ್ಲರೆ ಬಂಕಾಗಿ ಬದಲಿಸಿಕೊಳ್ಳಲೂ ಒಪ್ಪಿತು. ನಮ್ಮದು ಬೆಳೆಗಾರರ ಸಂಘವಾದ್ದರಿಂದ ಇದು ನೇರವಾಗಿ ನಮಗೆ ಸಿಗದು. ಆದರೆ ನಮ್ಮಲ್ಲಿ ಬಹುಮಂದಿ ಊರಿನ ಪತ್ತಿನ ಸಂಘದ ಸದಸ್ಯರೂ ಹೌದು. ಆ ಸಂಘ ಅರ್ಜಿ ಹಾಕಲಿ, ನಮ್ಮ ಖರೀದಿಯ ಭರವಸೆಯನ್ನು ನಾವು ಬರೆದುಕೊಡೋಣ.

ಅಲ್ಲಿಯವರೆಗೆ ಮನೆಯ ಡ್ರಮ್ಮನ್ನು ಜೋಪಾನ ಮಾಡಿ. ಒಮ್ಮೆ ನಾವು ಡ್ರಮ್ಮನ್ನು ಬಯಲಲ್ಲಿ ನೆಟ್ಟಗೆ ನಿಲ್ಲಿಸಿದ್ದೆವು. ಮುಚ್ಚಳದ ಸುತ್ತ ನಿಂತ ಮಳೆನೀರು ಒಳಗಿಳಿದು ಎಂಜಿನ್ ಕೆಟ್ಟಿತು. ರಿಪೇರಿ ಮುಗಿಯುವ ಹೊತ್ತಿಗೆ ಬಿಸಿಲಿಗೆ ಎಳೆ ಅಡಿಕೆ ಉದುರಿತ್ತು. ಡ್ರಮ್ಮನ್ನು ನೆರಳಿನಲ್ಲಿ, ಮರದ ದಿಮ್ಮಿಯ ಮೇಲೆ ಮಲಗಿಸಿಡಿ. ತಂದ ಡೀಸೆಲ್ಲನ್ನು ಒಂದು ದಿನ ತಿಳಿಯಾಗಲು ಬಿಟ್ಟು, ತಳದ ನೀರು, ಗಸಿ ಬಾರದಂತೆ ಸೋಸಿ ತೆಗೆಯಿರಿ. ಸತು ಲೇಪದ ಪಾತ್ರೆ ಬೇಡ. ಅಡಿಕೆ ಬೇಯಿಸುವ ಒಲೆಯಿಂದ ದೂರವಿರಲಿ. ಪಕ್ಕದಲ್ಲಿ ಒಣ ಮರಳಿನ ಬಕೆಟ್ ಇರಲಿ. ಉರಿಯುವ ಡೀಸೆಲ್ ಮೇಲೆ ನೀರು ಸುರಿದರೆ ಬೆಂಕಿ ಹರಡುತ್ತದೆ.

ಈ ವಿಷಯ ಮುಂದಿನ ಸರ್ವ ಸದಸ್ಯರ ಸಭೆಗೆ ಬರಲಿದೆ. ವರ್ಷಕ್ಕೆ ಎಷ್ಟು ಲೀಟರ್ ಬೇಕೆಂದು ಲೆಕ್ಕ ಹಾಕಿ, ಚೀಟಿಯಲ್ಲಿ ಬರೆದುಕೊಂಡೇ ಬನ್ನಿ.

— ಕಾರ್ಯದರ್ಶಿ