ಸಂಶೋಧನಾ ವಿದ್ಯಾರ್ಥಿಗೆ ಇದ್ದದ್ದು ಇದ್ದಂತೆ ಹೇಳಿರಿ

ಹಾಲು ಉತ್ಪಾದಕ ಬಾಂಧವರೇ,

ಕೃಷಿ ವಿಸ್ತರಣೆಯಲ್ಲಿ ಎಂ.ಎಸ್ಸಿ., ಪಿಎಚ್.ಡಿ. ಮಾಡುವವರಿಗೆ ನಿಮ್ಮ ಊರೇ ಪ್ರಯೋಗಾಲಯ. ಹೊಸ ಪದ್ಧತಿಯನ್ನು ರೈತರು ಏಕೆ ಒಪ್ಪುತ್ತಾರೆ, ಏಕೆ ಬಿಡುತ್ತಾರೆ ಎಂಬುದೇ ಅವರ ಅಧ್ಯಯನ. ಅಮೆರಿಕದ ಅಯೋವಾದಲ್ಲಿ ಹೈಬ್ರಿಡ್ ಮುಸುಕಿನ ಜೋಳದ ಸುದ್ದಿ ತಂದವರು ಮುಖ್ಯವಾಗಿ ಬೀಜದ ವ್ಯಾಪಾರಿಗಳು; ಬಿತ್ತಲು ಧೈರ್ಯ ಕೊಟ್ಟವರು ನೆರೆಯ ರೈತರು. 1943ರಲ್ಲಿ ಪ್ರಕಟವಾದ ಈ ಅಂಶ ತಿಳಿದದ್ದು ರೈತರನ್ನೇ ಕೇಳಿದ್ದರಿಂದ.

ಪ್ರಶ್ನಾವಳಿ ಹಿಡಿದು ವಿದ್ಯಾರ್ಥಿ ಬಂದಾಗ, ರಾಸಿಗೆ ಖನಿಜ ಮಿಶ್ರಣ ಕೊಡದಿದ್ದರೆ ಇಲ್ಲವೆಂದೇ ಹೇಳಿ, ಕಾರಣ ತಿಳಿಸಿರಿ. ಸಂಕೋಚಕ್ಕೆ ‘ಕೊಡುತ್ತೇವೆ’ ಎಂದರೆ, ತೊಡಕು ಬೆಲೆಯದೋ ಸರಬರಾಜಿನದೋ ಎಂಬುದು ಪ್ರಬಂಧದಲ್ಲಿ ಬರುವುದೇ ಇಲ್ಲ. ಹಾಲು ಕರೆಯುವ ಹೆಣ್ಣುಮಕ್ಕಳೂ ಉತ್ತರಿಸಲಿ. ಹೆಸರು ಗುಟ್ಟಾಗಿರುವುದೇ ಎಂದು ಮೊದಲೇ ಕೇಳಿರಿ. ಅಧ್ಯಯನ ಮುಗಿದ ಮೇಲೆ ಫಲಿತಾಂಶವನ್ನು ಸಂಘದ ಸಭೆಯಲ್ಲಿ ತಿಳಿಸುವಂತೆಯೂ ಹೇಳಿರಿ.