ಶಾಲೆಯ ಅನುದಾನ ಮತ್ತು ಪೋಷಕರ ಸಮಿತಿ: ಗ್ರಾಮ ಪಂಚಾಯತಿ ಸದಸ್ಯರು ಅರಿತಿರಬೇಕಾದ ಸಂಗತಿಗಳು

2025ರ ಎಸ್‌ಎಸ್‌ಎಲ್‌ಸಿ ಪರೀಕ್ಷೆ-1ರ ಫಲಿತಾಂಶದಲ್ಲಿ ನಮ್ಮ ಜಿಲ್ಲೆಯು ಶೇ. 42.43ರೊಂದಿಗೆ ರಾಜ್ಯದ ಕೊನೆಯ ಸ್ಥಾನದಲ್ಲಿತ್ತು. ಮೊದಲ ಸ್ಥಾನದಲ್ಲಿದ್ದ ದಕ್ಷಿಣ ಕನ್ನಡದ ಪ್ರಮಾಣ ಶೇ. 91.12. ಈ ಅಂತರದ ಹೊಣೆಯನ್ನು ಪ್ರೌಢಶಾಲೆಯ ಶಿಕ್ಷಕರ ಮೇಲೆ ಹೊರಿಸಿ ಸುಮ್ಮನಾಗುವುದು ಸುಲಭ. ಆದರೆ ಹತ್ತನೆಯ ತರಗತಿಯಲ್ಲಿ ಅನುತ್ತೀರ್ಣವಾಗುವ ಮಗುವು ಬಹುತೇಕ ಮೂರನೆಯ, ನಾಲ್ಕನೆಯ ತರಗತಿಯಲ್ಲಿಯೇ ಓದು ಬರಹದಲ್ಲಿ ಹಿಂದೆ ಬಿದ್ದಿರುತ್ತದೆ. ಆ ತರಗತಿಗಳು ನಡೆಯುವುದು ನಮ್ಮ ಗ್ರಾಮ, ತಾಂಡಾಗಳ ಪ್ರಾಥಮಿಕ ಶಾಲೆಗಳಲ್ಲಿ, ಅಂದರೆ ಮಾನ್ಯ ಸದಸ್ಯರು ದಿನವೂ ಕಾಣುವ ಶಾಲೆಗಳಲ್ಲಿ. ಆದುದರಿಂದ ಈ ವಿಷಯವನ್ನು ತಮ್ಮ ಮುಂದಿಡಲಾಗುತ್ತಿದೆ.

ಶಾಲೆಗಳಿಗೆ ಹಣವೇ ಬರುವುದಿಲ್ಲವೆಂಬ ಮಾತು ಈಗ ಪೂರ್ತಿ ಸರಿಯಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳ ಪೈಕಿ 21 ತಾಲ್ಲೂಕುಗಳು ಆಗಿನ ಗುಲ್ಬರ್ಗಾ ವಿಭಾಗದಲ್ಲಿದ್ದವು. ಮುಂದೆ ಸಂವಿಧಾನದ 98ನೆಯ ತಿದ್ದುಪಡಿಯ ಮೂಲಕ 371ಜೆ ವಿಧಿಯು ಜಾರಿಗೆ ಬಂದಿತು. ಕಲಬುರಗಿ ನಗರದಲ್ಲಿಯೇ ಕೇಂದ್ರ ಕಚೇರಿಯನ್ನು ಹೊಂದಿರುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯು ‘ಅಕ್ಷರ ಆವಿಷ್ಕಾರ’ ಕಾರ್ಯಕ್ರಮದಡಿ ಶಿಕ್ಷಣಕ್ಕೆಂದು ಹಣ ವಿನಿಯೋಗಿಸುತ್ತಿದೆ. ಸಮಗ್ರ ಶಿಕ್ಷಣ ಯೋಜನೆಯ ವಾರ್ಷಿಕ ಅನುದಾನ, ಪಂಚಾಯತಿಗೆ ಬರುವ ಹಣಕಾಸು ಆಯೋಗದ ಅನುದಾನಗಳು ಬೇರೆ. ಇಷ್ಟು ಮೂಲಗಳಿರುವಾಗ, ಒಂದು ಶಾಲೆಗೆ ಮೊದಲು ಬೇಕಾದದ್ದು ಕೊಠಡಿಯೋ, ನೀರೋ, ಓದಲು ಹಿಂದುಳಿದ ಮಕ್ಕಳಿಗೆ ಸಂಜೆಯ ಪಾಠವೋ ಎಂಬುದನ್ನು ಯಾರು ಹೇಳಬೇಕು? ಕಾನೂನಿನ ಪ್ರಕಾರ ಅದನ್ನು ಹೇಳತಕ್ಕವರಲ್ಲಿ ಮೊದಲಿಗರು ಆ ಮಕ್ಕಳ ತಂದೆ ತಾಯಿಯರು.

ಇದು ಹೊಸ ಮಾತೇನಲ್ಲ. ಮೊದಲು ಇಡೀ ಗ್ರಾಮಕ್ಕೊಂದು ಗ್ರಾಮ ಶಿಕ್ಷಣ ಸಮಿತಿಯಿತ್ತು. ಡಾ. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಮೇರೆಗೆ 2001ರಲ್ಲಿ ರಾಜ್ಯ ಸರ್ಕಾರವು ಪ್ರತಿ ಸರ್ಕಾರಿ ಶಾಲೆಗೂ ಪೋಷಕರೇ ಪ್ರಧಾನವಾಗಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನು, ಎಲ್ಲರೂ ಕರೆಯುವಂತೆ ಎಸ್‌ಡಿಎಂಸಿಯನ್ನು, ರಚಿಸಿತು. 2006ರ ಮಾದರಿ ಉಪವಿಧಿಗಳು ಈ ಸಮಿತಿಯನ್ನು ಪಂಚಾಯತ್ ರಾಜ್ ಅಧಿನಿಯಮದ ಚೌಕಟ್ಟಿನೊಳಗೆ ತಂದು, ಗ್ರಾಮ ಪಂಚಾಯತಿಯ ನಾಗರಿಕ ಸೌಕರ್ಯ ಸಮಿತಿಯೊಂದಿಗೆ ಜೋಡಿಸಿದವು. ಎಸ್‌ಡಿಎಂಸಿ ಎಂದರೆ ಶಿಕ್ಷಣ ಇಲಾಖೆಯ ವ್ಯವಹಾರ, ಪಂಚಾಯತಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಭಾವಿಸುವುದು ಆದುದರಿಂದ ತಪ್ಪು.

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಅಧಿನಿಯಮದ 21ನೆಯ ಪ್ರಕರಣವು ಇದಕ್ಕೆ ಇನ್ನಷ್ಟು ಬಲ ನೀಡಿದೆ. ಅದರಂತೆ ಸಮಿತಿಯಲ್ಲಿ ಕನಿಷ್ಠ ನಾಲ್ಕನೆಯ ಮೂರು ಭಾಗ ತಂದೆ ತಾಯಿ ಅಥವಾ ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಅವಕಾಶವಂಚಿತ ಹಾಗೂ ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನವಿರಬೇಕು. ಸ್ಥಳೀಯ ಪ್ರಾಧಿಕಾರದ ಚುನಾಯಿತ ಪ್ರತಿನಿಧಿಗೂ ಅಲ್ಲಿ ಸ್ಥಾನವಿದೆ. ಸಮಿತಿಯ ಕಾರ್ಯಗಳೆಂದರೆ ಶಾಲೆಯ ನಡವಳಿಯನ್ನು ಗಮನಿಸುವುದು, ಶಾಲಾ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸಿ ಶಿಫಾರಸು ಮಾಡುವುದು ಮತ್ತು ಸರ್ಕಾರದಿಂದಾಗಲಿ ಪಂಚಾಯತಿಯಿಂದಾಗಲಿ ಬೇರಾವ ಮೂಲದಿಂದಾಗಲಿ ಬಂದ ಅನುದಾನದ ಬಳಕೆಯ ಮೇಲೆ ನಿಗಾ ಇಡುವುದು. ದೇಣಿಗೆ ಎತ್ತುವುದು ಈ ಪ್ರಮುಖ ಕಾರ್ಯಗಳ ಸಾಲಿನಲ್ಲಿಲ್ಲ.

ಈ ಕೊನೆಯ ಮಾತನ್ನು ಬೇಕೆಂದೇ ಇಲ್ಲಿ ಹೇಳಲಾಗಿದೆ. 2022ರ ಅಕ್ಟೋಬರ್‌ನಲ್ಲಿ ಪೋಷಕರಿಂದ ತಿಂಗಳಿಗೆ 100 ರೂಪಾಯಿಯಂತೆ ಸ್ವಯಂಪ್ರೇರಿತ ದೇಣಿಗೆಯನ್ನು ಎಸ್‌ಡಿಎಂಸಿಗಳು ಪಡೆಯಬಹುದೆಂಬ ಸುತ್ತೋಲೆಯೊಂದು ಹೊರಟು, ತೀವ್ರ ವಿರೋಧ ಬಂದುದರಿಂದ ಕೆಲವೇ ದಿನಗಳಲ್ಲಿ ಹಿಂಪಡೆಯಲ್ಪಟ್ಟಿತು. ಸ್ವಯಂಪ್ರೇರಿತವೆಂದು ಕಾಗದದಲ್ಲಿ ಬರೆದದ್ದು ಕೂಲಿ ಮಾಡುವ ತಾಯಿಯ ಕಿವಿಗೆ ಶುಲ್ಕವೆಂದೇ ಕೇಳಿಸುತ್ತದೆ. ಕೊಡಲಾಗದವರು ಸಭೆಗೆ ಬರುವುದನ್ನೇ ಬಿಡುತ್ತಾರೆ. ಪೋಷಕರ ಸಹಭಾಗಿತ್ವವೆಂದರೆ ಅವರ ಜೇಬಿನ ಹಣವಲ್ಲ. ಸಾರ್ವಜನಿಕ ಹಣದ ಬಗ್ಗೆ ಅವರಿಗಿರುವ ಮಾತಿನ ಅಧಿಕಾರ. ದಾನಿಗಳು ಕೊಡುವುದನ್ನು ಯಾರೂ ಬೇಡವೆನ್ನುವುದಿಲ್ಲ. ಅದನ್ನು ಸಭೆಯ ಷರತ್ತಾಗಿಸಬಾರದು, ಅಷ್ಟೆ.

ಇನ್ನು ಪೋಷಕರು ಯಾರು ಎಂಬ ಪ್ರಶ್ನೆ. ಕಮಲಾಪುರ, ಚಿಂಚೋಳಿ, ಆಳಂದ ಮುಂತಾದೆಡೆಯ ಹಲವು ಕುಟುಂಬಗಳು ಸುಗ್ಗಿ ಮುಗಿದ ಮೇಲೆ ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರುಗಳಿಗೆ ದುಡಿಯಲು ಹೋಗುತ್ತವೆ. ಮಕ್ಕಳು ಅಜ್ಜ ಅಜ್ಜಿಯರ ಬಳಿ ಉಳಿಯುತ್ತಾರೆ. ಇಂತಹ ಮಗುವಿನ ಪರವಾಗಿ ಅಜ್ಜಿ ಸಭೆಗೆ ಬಂದರೆ, ‘ತಂದೆ ತಾಯಿ ಬರಲಿ’ ಎಂದು ಹಿಂದೆ ಕಳುಹಿಸುವುದು ಸರಿಯಲ್ಲ. ಅಧಿನಿಯಮದ 2ನೆಯ ಪ್ರಕರಣದ ವ್ಯಾಖ್ಯೆಯಂತೆ ಮಗುವಿನ ಆರೈಕೆ ಮತ್ತು ವಶವನ್ನು ಹೊಂದಿರುವ ವ್ಯಕ್ತಿಯೇ ಪೋಷಕ. ಆ ಅಜ್ಜಿಗೆ ಸಭೆಯಲ್ಲಿ ಕುಳಿತುಕೊಳ್ಳುವ, ಪ್ರಶ್ನೆ ಕೇಳುವ ಅಧಿಕಾರ ಇದೆ. ವರ್ಷದಲ್ಲಿ ಐದಾರು ತಿಂಗಳು ಊರಿನಲ್ಲಿರದ ತಂದೆಯ ಹೆಸರನ್ನು ಸದಸ್ಯರ ಪಟ್ಟಿಗೆ ಸೇರಿಸಿ, ಮಗುವನ್ನು ನಿತ್ಯ ಶಾಲೆಗೆ ಕಳುಹಿಸುವವರನ್ನು ಹೊರಗಿಟ್ಟರೆ ಸಮಿತಿಯು ಕಾಗದದಲ್ಲಿ ಮಾತ್ರ ಉಳಿಯುತ್ತದೆ.

ಸಭೆಯ ಭಾಷೆಯೂ ಅಷ್ಟೇ ಮುಖ್ಯ. ತಾಂಡಾಗಳಲ್ಲಿ ಮನೆಮಾತು ಲಂಬಾಣಿ, ಕೆಲವು ಗ್ರಾಮಗಳಲ್ಲಿ ಉರ್ದು. ನಡವಳಿ ಪುಸ್ತಕದಲ್ಲಿ ಬರೆದ ತೀರ್ಮಾನವನ್ನು ಓದಿ, ಅವರ ಮಾತಿನಲ್ಲಿ ತಿಳಿಹೇಳಿದ ನಂತರವೇ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಪಡೆಯತಕ್ಕದ್ದು. ಖಾಲಿ ಪುಟಕ್ಕೆ ಮೊದಲೇ ಸಹಿ ಪಡೆಯುವ ರೂಢಿ ಎಲ್ಲಿಯಾದರೂ ಇದ್ದಲ್ಲಿ ಸದಸ್ಯರು ಅದನ್ನು ನಿಲ್ಲಿಸಬೇಕು.

ಹಣದ ಲೆಕ್ಕಕ್ಕೆ ಬರೋಣ. ಸಮಗ್ರ ಶಿಕ್ಷಣ ಯೋಜನೆಯ ಮಾರ್ಗಸೂಚಿಯಂತೆ ಶಾಲೆಗೆ ದೊರೆಯುವ ಸಂಯೋಜಿತ ಅನುದಾನವು ಮಕ್ಕಳ ಸಂಖ್ಯೆಯನ್ನು ಅವಲಂಬಿಸಿದೆ: 30 ಮಕ್ಕಳವರೆಗೆ ವರ್ಷಕ್ಕೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, 1,000ದವರೆಗೆ 75,000, ಅದಕ್ಕೂ ಹೆಚ್ಚಿದ್ದಲ್ಲಿ 1 ಲಕ್ಷ. ಇದರಲ್ಲಿ ಕನಿಷ್ಠ ಶೇ. 10ನ್ನು ಸ್ವಚ್ಛತೆಗೆ ಬಳಸಬೇಕು. ಒಂದು ಶಾಲೆಯಲ್ಲಿ 90 ಮಕ್ಕಳಿದ್ದಾರೆ ಎಂದುಕೊಳ್ಳಿ. ಆ ಶಾಲೆಯ ಮಿತಿ 25,000. ಸ್ವಚ್ಛತೆಯ 2,500 ಕಳೆದರೆ ಉಳಿಯುವುದು 22,500, ಅಂದರೆ ತಿಂಗಳಿಗೆ 1,875 ರೂಪಾಯಿ. ಬೋಧನೋಪಕರಣ, ವಿದ್ಯುತ್ ಬಿಲ್, ಸಣ್ಣಪುಟ್ಟ ದುರಸ್ತಿ ಎಲ್ಲವೂ ಇದರಲ್ಲಿಯೇ ಆಗಬೇಕು. ಈ ಅಂಕಿಗಳನ್ನು ಪೋಷಕರಿಗೆ ಹೇಳಿದಾಗ ಎರಡು ಉಪಯೋಗವಾಗುತ್ತವೆ. ‘ಲಕ್ಷಗಟ್ಟಲೆ ಬಂದು ಎಲ್ಲಿ ಹೋಯಿತು’ ಎಂಬ ಸಂಶಯವು ಕಡಿಮೆಯಾಗಿ ಮುಖ್ಯ ಶಿಕ್ಷಕರಿಗೆ ನೆಮ್ಮದಿ ದೊರೆಯುತ್ತದೆ. ಬಂದಷ್ಟಕ್ಕೆ ಸರಿಯಾದ ಲೆಕ್ಕ ಕೇಳುವವರೂ ಹುಟ್ಟುತ್ತಾರೆ. ವರ್ಷದಲ್ಲಿ ಬಂದ ಹಣ, ಖರ್ಚಾದ ಹಣ, ಉಳಿದ ಹಣ ಈ ಮೂರನ್ನು ಶಾಲೆಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಲು ಹೆಚ್ಚೇನೂ ವೆಚ್ಚವಾಗದು.

ಇಷ್ಟು ಸಣ್ಣ ಮೊತ್ತದಲ್ಲಿ ಶೌಚಾಲಯ, ಆವರಣ ಗೋಡೆ, ಕುಡಿಯುವ ನೀರು ಆಗುವುದಿಲ್ಲ ಎಂಬುದು ನಿಜ. ಅಲ್ಲಿಯೇ ಪಂಚಾಯತಿಯ ಪಾತ್ರವಿದೆ. 2021-26ರ ಅವಧಿಯ 15ನೆಯ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಾಗಿತ್ತು. ಶಾಲೆಯ ನಳ, ಶೌಚಾಲಯಗಳೂ ಈ ಬಾಬಿಗೆ ಸಲ್ಲುತ್ತವೆ. ಆದರೆ ಅವು ಗ್ರಾಮ ಪಂಚಾಯತಿ ಅಭಿವೃದ್ಧಿ ಯೋಜನೆಯಲ್ಲಿ ಸೇರ್ಪಡೆಯಾಗಿರಬೇಕು, ಅದಕ್ಕೂ ಮೊದಲು ಎಸ್‌ಡಿಎಂಸಿಯಿಂದ ಲಿಖಿತ ಬೇಡಿಕೆ ಬಂದಿರಬೇಕು.

ಇಲ್ಲಿ ಕಾಲದ ತೊಡಕೊಂದಿದೆ. ಕೇಂದ್ರದ ಮಾದರಿ ನಿಯಮದಂತೆ ಮೂರು ವರ್ಷಗಳ ಶಾಲಾ ಅಭಿವೃದ್ಧಿ ಯೋಜನೆಯು ಆರ್ಥಿಕ ವರ್ಷ ಮುಗಿಯುವ ಮೂರು ತಿಂಗಳ ಮೊದಲೇ, ಅಂದರೆ ಡಿಸೆಂಬರ್ ಅಂತ್ಯದೊಳಗೆ, ಸಿದ್ಧವಾಗಿರಬೇಕು. ನಮ್ಮಲ್ಲಿ ಡಿಸೆಂಬರ್ ಎಂದರೆ ತೊಗರಿ ಕಟಾವಿನ ಕಾಲ. ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಹೊಲದಲ್ಲಿರುವ ಹೆಣ್ಣುಮಕ್ಕಳು ಬರಲಾರರು. ಬಂದರೆ ಆ ದಿನದ ಕೂಲಿ ಹೋಗುತ್ತದೆ. ಬಳಿಕ ‘ಪೋಷಕರಿಗೆ ಆಸಕ್ತಿಯಿಲ್ಲ’ ಎಂದು ಬರೆಯುವುದು ನ್ಯಾಯವಲ್ಲ. ಯೋಜನೆಯ ಸಭೆಯನ್ನು ದಸರಾ, ದೀಪಾವಳಿಗಳ ನಡುವೆ, ಊರಿನಿಂದ ದೂರ ಹೋದವರೂ ಹಬ್ಬಕ್ಕೆ ಬಂದಿರುವ ದಿನಗಳಲ್ಲಿ, ಸಂಜೆ ಏಳರ ಮೇಲೆ ಇಟ್ಟುಕೊಳ್ಳುವುದು ಸೂಕ್ತ. ಅಕ್ಟೋಬರ್ 2ರಿಂದ ಆರಂಭವಾಗುವ ಪಂಚಾಯತಿ ಯೋಜನಾ ಅಭಿಯಾನಕ್ಕೂ ಅದು ಹೊಂದಿಕೆಯಾಗುತ್ತದೆ.

ಮಾನ್ಯ ಸದಸ್ಯರು ತಮ್ಮ ವಾರ್ಡಿನ ಶಾಲೆಯ ಸಮಿತಿಯು ಎಂದು ರಚನೆಯಾಯಿತು, ಅದರಲ್ಲಿ ಮಹಿಳೆಯರು ಎಷ್ಟು, ಕಳೆದ ಸಭೆ ಯಾವಾಗ ನಡೆಯಿತು, ಅಭಿವೃದ್ಧಿ ಯೋಜನೆಯ ಪ್ರತಿ ಪಂಚಾಯತಿ ಕಚೇರಿಯಲ್ಲಿ ಇದೆಯೇ ಎಂಬುದನ್ನು ಮುಖ್ಯ ಶಿಕ್ಷಕರಿಂದ ಪಡೆದು ಪರಿಶೀಲಿಸಬೇಕು. ಪ್ರತಿ ಇಲ್ಲದಿದ್ದಲ್ಲಿ ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಆ ವಿಷಯವನ್ನು ಸೇರಿಸುವಂತೆ ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರಿಗೆ ಲಿಖಿತವಾಗಿ ತಿಳಿಸಬಹುದು. ಸಮಿತಿಯ ಬೇಡಿಕೆಗಳಲ್ಲಿ ಕೈಗೊಂಡದ್ದು ಯಾವುದು, ಕೈಬಿಟ್ಟದ್ದು ಯಾವುದು, ಕೈಬಿಟ್ಟ ಕಾರಣವೇನು ಎಂಬ ಉತ್ತರವೂ ಅದೇ ರೀತಿ ಲಿಖಿತವಾಗಿ ಎಸ್‌ಡಿಎಂಸಿಗೆ ಹೋಗಲಿ. ಒಮ್ಮೆ ಉತ್ತರ ಪಡೆದ ಪೋಷಕರು ಮರುವರ್ಷ ಕರೆಯದೆಯೇ ಸಭೆಗೆ ಬರುತ್ತಾರೆ.