ಕೂಗದವರ ಕಡೆ ಮೊದಲು

2023ರ ಜನವರಿ ಮೊದಲ ವಾರ. ಬನದ ಹುಣ್ಣಿಮೆ ಹತ್ತಿರ ಬಂದಿತ್ತು. ರಾಮದುರ್ಗ ತಾಲ್ಲೂಕಿನ ಹುಲಕುಂದದಿಂದ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಕಾಲ್ನಡಿಗೆಯಲ್ಲಿ ಹೊರಟವರನ್ನು ಸರಕಿನ ಪಿಕಪ್ ಗಾಡಿಯೊಂದು ದಾರಿಯಲ್ಲಿ ಹತ್ತಿಸಿಕೊಂಡಿತು. ಚುಂಚನೂರ ಬಳಿ ಕತ್ತಲಲ್ಲಿ ಅದು ಆಲದ ಮರಕ್ಕೆ ಗುದ್ದಿತು. ಆರು ಮಂದಿ ಸತ್ತರು. ಗಾಯಗೊಂಡವರು ಹತ್ತಕ್ಕೂ ಹೆಚ್ಚು.

ನಡೆದೇ ಹೋಗುತ್ತೇವೆಂದು ಮನೆ ಬಿಟ್ಟವರು ಅವರು.

ಇಂಥ ರಾತ್ರಿ ಕೈದೀಪ ಹಿಡಿದವರ ಮುಂದಿನ ಪ್ರಶ್ನೆ ಒಂದೇ: ಮೊದಲು ಯಾರು? ಬೇರೆ ದಿನ ಆಸ್ಪತ್ರೆಯಲ್ಲಿ ಸರದಿ ಪ್ರಕಾರ ನೋಡಿದರೆ ನಡೆದೀತು. ಹದಿನೈದು ಜನ ಒಮ್ಮೆಲೇ ಬಂದು, ಇರುವುದು ಒಬ್ಬ ವೈದ್ಯ, ಇಬ್ಬರು ನರ್ಸ್ ಆದರೆ? ಆಗಿನ ವಿಂಗಡಣೆಗೆ ಟ್ರಯಾಜ್ ಎಂದು ಹೆಸರು. ಫ್ರೆಂಚರಲ್ಲಿ ಉಣ್ಣೆ, ಕಾಫಿ ಬೀಜ ಆರಿಸುವುದಕ್ಕೂ ಇದೇ ಮಾತಿತ್ತು. ಸವದತ್ತಿ ಕಡೆಯ ಹೆಂಗಸರಿಗೆ ತಿಳಿಸಿ ಹೇಳಿದರೆ ‘ಜೋಳ ಹಸನ ಮಾಡಿಧಂಗ’ ಎಂದಾರು. ಇಲ್ಲಿನ ಫಜೀತಿಯೆಂದರೆ ಮೊರದಲ್ಲಿರುವುದೆಲ್ಲ ಕಾಳೇ.

ಈ ಹಸನು ಮಾಡುವ ಕೆಲಸದ ಕಥೆಯಲ್ಲಿ ಮರೆಯಬಾರದ ಮನುಷ್ಯ ಡೊಮಿನಿಕ್ ಲಾರೆ, ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯ. ಆಗೆಲ್ಲ ಕದನ ಮುಗಿಯುವ ತನಕ ಗಾಯಾಳುಗಳು ಬಿದ್ದಲ್ಲೇ ಬಿದ್ದಿರುತ್ತಿದ್ದರು. ಕುದುರೆ ಕಟ್ಟಿದ ಫಿರಂಗಿಗಳು ರಣರಂಗದಲ್ಲಿ ಓಡಾಡುವ ಚುರುಕು ನೋಡಿದ ಲಾರೆಗೆ 1792ರ ಹೊತ್ತಿಗೆ ಹೊಳೆಯಿತು: ಫಿರಂಗಿ ಹೀಗೆ ಓಡುವುದಾದರೆ ಗಾಯಾಳುವಿನ ಗಾಡಿ ಯಾಕೆ ಓಡಬಾರದು? ಅವನ ‘ಹಾರುವ ಆಂಬುಲೆನ್ಸ್’ ಹುಟ್ಟಿದ್ದು ಹಾಗೆ. 1812ರ ಬೊರೊಡಿನೊ ಕಾಳಗದಲ್ಲಿ 24 ಗಂಟೆಯೊಳಗೆ ಸುಮಾರು 200 ಕೈಕಾಲು ಕತ್ತರಿಸಿದವನೆಂದು ಅವನ ಹೆಸರು. ಆದರೆ ಗಾಡಿಗಿಂತ, ಗರಗಸಕ್ಕಿಂತ ದೊಡ್ಡದು ಅವನ ಹಟ: ಯಾರ ಗಾಯ ಹೆಚ್ಚೋ ಅವರಿಗೆ ಮೊದಲ ಚಿಕಿತ್ಸೆ, ಹುದ್ದೆ ಕೇಳುವ ಹಾಗಿಲ್ಲ. ಸೇನಾಪತಿಯ ಗೀರುಗಾಯ ಕಾಯಬೇಕು, ಸಿಪಾಯಿಯ ಸೀಳಿದ ತೊಡೆ ಕಾಯಬಾರದು.

ಬ್ರಿಟಿಷರ ಅಂಥದೇ ಕುದುರೆ ಫಿರಂಗಿಗಳು 1824ರ ಅಕ್ಟೋಬರ್‌ನಲ್ಲಿ ಕಿತ್ತೂರಿಗೂ ಬಂದವು. ಲಾರೆ ಆಗಿನ್ನೂ ಬದುಕಿದ್ದ. 23ರಂದು ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆ ಸತ್ತ. ಅವನ ಸ್ಮಾರಕ ಧಾರವಾಡದಲ್ಲಿದೆ. ಫಿರಂಗಿ ದಳದ ಅಧಿಕಾರಿ ಬ್ಲ್ಯಾಕ್‌ನ ಹೆಸರೂ ಪುಸ್ತಕಗಳಲ್ಲಿದೆ. ಅವರ ಜೊತೆ ಬಂದ ಸಿಪಾಯಿಗಳು, ಕಿತ್ತೂರಿನ ರಾಣಿ ಚೆನ್ನಮ್ಮನ ಕಡೆಯ ಕಾಲಾಳುಗಳು ಎಲ್ಲಿ ಬಿದ್ದರು, ಯಾರು ಕಟ್ಟು ಕಟ್ಟಿದರು? ಇತಿಹಾಸವೂ ಹುದ್ದೆ ನೋಡಿಯೇ ವಿಂಗಡಿಸುತ್ತದೆ ಎಂದು ಸಿಟ್ಟು ಬರುವುದು ಇಂಥಲ್ಲಿ.

ಗಾಯಾಳುಗಳ ವಿಂಗಡಣೆಯನ್ನು ಮುಂದೆ ಕ್ರಿಮಿಯಾ ಯುದ್ಧದಲ್ಲಿ ರಷ್ಯದ ಶಸ್ತ್ರವೈದ್ಯ ಪಿರೊಗೋವ್ ಬೆಳೆಸಿದ, ಆಮೇಲೆ ಎರಡು ಮಹಾಯುದ್ಧಗಳು ಬೆಳೆಸಿದವು. ನೇರವಾಗಿ 1983ಕ್ಕೆ ಬರೋಣ. ಕ್ಯಾಲಿಫೋರ್ನಿಯದ ನ್ಯೂಪೋರ್ಟ್ ಬೀಚ್‌ನಲ್ಲಿ ಅಗ್ನಿಶಾಮಕದವರೂ ಆಸ್ಪತ್ರೆಯವರೂ ಸೇರಿ ‘ಸ್ಟಾರ್ಟ್’ ಎಂಬ ಪದ್ಧತಿ ಕಟ್ಟಿದರು. ‘ನಡೆಯಬಲ್ಲವರು ಆ ಕಡೆ ಬನ್ನಿ’ ಎಂದು ಒಂದು ಕೂಗು. ಎದ್ದು ಬಂದವರಿಗೆ ಹಸಿರು ಪಟ್ಟಿ. ಉಸಿರು ನಿಮಿಷಕ್ಕೆ 30 ಮೀರಿದ್ದರೆ ಕೆಂಪು, ಅಂದರೆ ತಕ್ಷಣ ಚಿಕಿತ್ಸೆ. ಉಗುರು ಒತ್ತಿ ಬಿಟ್ಟ ಮೇಲೆ 2 ಸೆಕೆಂಡಿನಲ್ಲಿ ಬಣ್ಣ ಮರಳದಿದ್ದರೆ ಕೆಂಪು. ‘ಕಣ್ಣು ಮುಚ್ಚಿ ತೆಗಿ’ ಎಂದರೆ ತಿಳಿಯದವರಿಗೂ ಕೆಂಪು. ಉಳಿದವರಿಗೆ ಹಳದಿ, ಅವರು ಕೊಂಚ ಕಾಯಬಹುದು. ಶ್ವಾಸದ ದಾರಿ ಸರಿಪಡಿಸಿದರೂ ಉಸಿರಾಡದವರಿಗೆ ಕಪ್ಪು. ಒಬ್ಬರಿಗೆ ಒಂದು ನಿಮಿಷಕ್ಕಿಂತ ಹೆಚ್ಚು ಕೊಡುವಂತಿಲ್ಲ. ನೋವಿಗೆ ಅರಚುವವನಿಗೆ ಉಸಿರಾದರೂ ಇದೆ. ಸುಮ್ಮನೆ ಬಿದ್ದವಳ ಉಗುರು ಮೊದಲು ಒತ್ತಬೇಕು.

ಬೈಲಹೊಂಗಲ, ಸವದತ್ತಿ, ರಾಮದುರ್ಗದ ತಾಲ್ಲೂಕು ಆಸ್ಪತ್ರೆಗಳಿಗೆ ಈ ಬಣ್ಣಗಳು ಬೇಕಾಗುವುದು ದೂರದ ಕಾರಣಕ್ಕೆ. ರಾಮದುರ್ಗದಿಂದ ದೊಡ್ಡ ಆಸ್ಪತ್ರೆಗಳಿರುವ ಬೆಳಗಾವಿ ನೂರು ಕಿಲೊಮೀಟರಿನ ಹತ್ತಿರ. ಗಾಯವಾದ ಮೊದಲ ಒಂದು ಗಂಟೆ ಬಂಗಾರದ್ದು ಎಂದು ವೈದ್ಯರು ಹೇಳುತ್ತಾರೆ. ಅದು ರಸ್ತೆಯಲ್ಲೇ ಕಳೆದುಹೋಗುತ್ತದೆ. 2008ರ ನವೆಂಬರ್ 1ರಿಂದ ರಾಜ್ಯದಲ್ಲಿ ‘108’ ಆಂಬುಲೆನ್ಸ್ ಗಾಡಿಗಳಿವೆ, ಸರಿ. ಆದರೆ ಒಂದರಲ್ಲಿ ಮಲಗಿಸಬಹುದಾದವರು ಒಬ್ಬಿಬ್ಬರು. ಅದು ಬರುವ ಮೊದಲೇ ಕೈ ತರಚಿದವರು ಸಿಕ್ಕ ಟಂಟಂ ಹತ್ತಿ ಆಸ್ಪತ್ರೆ ಮುಟ್ಟಿ ಮಂಚ ಹಿಡಿದಿರುತ್ತಾರೆ. ದೊಡ್ಡ ಅವಘಡಗಳಲ್ಲಿ ಜಗತ್ತಿನೆಲ್ಲೆಡೆ ಕಾಣುವ ಚಾಳಿ ಇದು. ಬಾಗಿಲಲ್ಲೇ ನಿಂತು ಪಟ್ಟಿ ಕಟ್ಟುವವರು ಬೇಕಾಗುವುದು ಅದಕ್ಕೇ. ಹಾಗೆ ನಿಂತವರ ಕಿವಿಗೆ ಯಾರಾದರೂ ‘ಸಾಹೇಬ್ರು ಮಾತಾಡ್ತಾರ’ ಎಂದು ಮೊಬೈಲ್ ಹಿಡಿದರೆ ಲಾರೆ ಇನ್ನೊಮ್ಮೆ ಸತ್ತ ಹಾಗೆ.

ಗುಡ್ಡದ ಜಾತ್ರೆಗೆ ಚಕ್ಕಡಿಗಳೇ ಬರುತ್ತಿದ್ದ ಕಾಲದಲ್ಲಿ ಅಚ್ಚು ಮುರಿದರೆ ಒಂದು ಮನೆಯವರಿಗೆ ಪೆಟ್ಟು. ಚಕ್ಕಡಿಗಳು ಇನ್ನೂ ಇವೆ. ಹುಣ್ಣಿಮೆ ಬಂತೆಂದರೆ ಕೊರಳ ಗೆಜ್ಜೆ ಆಡಿಸುತ್ತ ರಸ್ತೆಯ ಎಡಬದಿ ಹಿಡಿದು ಸಾಗುತ್ತವೆ. ಪಕ್ಕದಲ್ಲೇ ಪಿಕಪ್ ಒಂದು ಹಾರ್ನ್ ಹೊಡೆದು ದಾಟುತ್ತದೆ. ಹಿಂಬದಿಯಲ್ಲಿ ನಿಂತವರ ಹಣೆ ತುಂಬ ಭಂಡಾರ, ಹಿಡಿದುಕೊಳ್ಳಲು ಒಬ್ಬರ ಹೆಗಲು ಇನ್ನೊಬ್ಬರಿಗೆ.